ಅಮೆರಿಕಕ್ಕೆ ಬಂದ ಮೇಲೆ ಹಳೆಯ ಪಿಪಿಎಲ್ ಕಥೆ ಏನು?

ಬೇರೆ ದೇಶದ ಪಿಪಿಎಲ್ (ಪ್ರೈವೇಟ್ ಪೈಲಟ್ ಲೈಸೆನ್ಸ್) ಇದೆ, ಅಮೆರಿಕದಲ್ಲಿ ಮತ್ತೆ ಮೊದಲಿಂದ ಕಲಿಯಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮ 61.75ರ ಪ್ರಕಾರ ನಿಮ್ಮ ಲೈಸೆನ್ಸ್ ಆಧಾರದ ಮೇಲೇ ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಕೊಡುತ್ತಾರೆ, ಅದಕ್ಕೆ ಲಿಖಿತ ಪರೀಕ್ಷೆಯೂ ಇಲ್ಲ, ಚೆಕ್‌ರೈಡೂ (ಪರೀಕ್ಷಕರ ಮುಂದೆ ಹಾರಿಸಿ ತೋರಿಸುವ ಪರೀಕ್ಷೆ) ಇಲ್ಲ. ಮೆಡಿಕಲ್ (ವೈದ್ಯಕೀಯ ಸರ್ಟಿಫಿಕೇಟ್) ಮಾತ್ರ ಚಾಲ್ತಿಯಲ್ಲಿರಬೇಕು.

ಮೊದಲು ಲೈಸೆನ್ಸ್ ಪರಿಶೀಲನೆಗೆ ಎಫ್‌ಎಎಗೆ 8060-71 ನಂಬರಿನ ಅರ್ಜಿ ಹಾಕಿ. ನಿಮ್ಮ ಲೈಸೆನ್ಸ್ ಅಸಲಿಯಾ ಅಂತ ಅವರು ಅದನ್ನು ಕೊಟ್ಟ ದೇಶವನ್ನೇ ಕೇಳುತ್ತಾರೆ, ಜಾಸ್ತಿ ಕಾಯಬೇಕಾಗುವುದು ಇಲ್ಲೇ. ಹಾರುವ ಮುಂಚೆ ಇನ್‌ಸ್ಟ್ರಕ್ಟರ್ ಜೊತೆ ಫ್ಲೈಟ್ ರಿವ್ಯೂ (ಹಾರಾಟದ ಜ್ಞಾನ, ಕೌಶಲ್ಯದ ಪರಿಶೀಲನೆ) ಮಾಡಿಸಿ: ಕನಿಷ್ಠ 1 ಗಂಟೆ ನೆಲದ ಮೇಲೆ ಪಾಠ, 1 ಗಂಟೆ ಗಾಳಿಯಲ್ಲಿ.

ಒಂದು ಕೊಕ್ಕೆ ಇದೆ. ಹೊಸ ಸರ್ಟಿಫಿಕೇಟ್ ಮೇಲೆ ಹಳೆಯ ಲೈಸೆನ್ಸ್ ನಂಬರೇ ಅಚ್ಚಾಗಿರುತ್ತದೆ, ಹಾಗಾಗಿ ಅದು ರದ್ದಾದರೆ ಇದೂ ಕೆಲಸಕ್ಕೆ ಬರಲ್ಲ. ಇಲ್ಲೇ ನೆಲೆಸುವ ಯೋಚನೆ ಇದ್ದರೆ ಪರೀಕ್ಷೆ ಬರೆದು, ಚೆಕ್‌ರೈಡ್ ಕೊಟ್ಟು ಸ್ವತಂತ್ರ ಸರ್ಟಿಫಿಕೇಟನ್ನೇ ತಗೊಳ್ಳಿ ಅಂತೀನಿ. ಲಾಗ್‌ಬುಕ್‌ನ ಹಳೆಯ ಗಂಟೆಗಳು ಅದಕ್ಕೂ ಲೆಕ್ಕಕ್ಕೆ ಬರುತ್ತವೆ.