ಆಪ್ತಸಲಹೆ ಪ್ರಕರಣ: ಡಾಕ್ಟರ ಹೆಂಡತಿಗೆ ಆ ಊರಿನಲ್ಲಿ ಏನು ಕೊರತೆ?

(ಹೆಸರನ್ನೂ ಗುರುತು ಹತ್ತಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ದಂಪತಿ ಇಬ್ಬರ ಒಪ್ಪಿಗೆ ಪಡೆದು ಬರೆದಿದ್ದೇನೆ.)

ತಂಗಿಯ ಮದುವೆಗೆಂದು ಮಗಳೊಂದಿಗೆ ಅಮೆರಿಕದಿಂದ ಶಿವಮೊಗ್ಗಕ್ಕೆ ಬಂದ ವೀಣಾ, ಮದುವೆ ಮುಗಿದ ಮೇಲೆ ವಿಮಾನದ ಟಿಕೆಟನ್ನು ಎರಡು ಸಲ ಮುಂದೂಡಿದರು. ಮನೆಯವರು ಮತ್ತೆ ಕೇಳಿದಾಗ "ನಾನು ಹೋಗುವುದಿಲ್ಲ" ಎಂದಷ್ಟೇ ಹೇಳಿ ಕೋಣೆ ಸೇರಿದರು. ತಾಯಿ ಅವರನ್ನು ನನ್ನ ಬಳಿ ಕರೆತಂದರು. ಮಗಳು ಬಾಯಿ ತೆರೆಯುವ ಮೊದಲೇ ತಾಯಿ ಶುರುಮಾಡಿದರು: "ಅಳಿಯಂದಿರು ಡಾಕ್ಟರು. ಕುಡಿತವಿಲ್ಲ, ಒಂದು ಮಾತು ಜೋರಾಗಿ ಆಡಿದವರಲ್ಲ. ದೊಡ್ಡ ಮನೆ, ಕಾರು ಎಲ್ಲ ಇದೆ. ಇವಳಿಗೆ ಏನು ಕೊರತೆ ಎಂದು ನೀವೇ ಕೇಳಿ ಮೇಡಂ."

ತಾಯಿಯನ್ನು ಹೊರಗೆ ಕೂರಿಸಿ ಅದೇ ಪ್ರಶ್ನೆಯನ್ನು ನಾನು ವೀಣಾಗೆ ಕೇಳಿದೆ. ಕೊರತೆಯನ್ನು ಎಣಿಸಲು ಹೊರಟವಳಿಗೆ ನಾಚಿಕೆಯಾಗಬಾರದು ಎಂದೂ ಹೇಳಿದೆ. ಬಹಳ ಹೊತ್ತು ಅತ್ತರು.

ವೀಣಾ ತೀರ್ಥಹಳ್ಳಿ ಕಡೆಯವರು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಮದುವೆಯಾಗಿ ಮೊದಲು ಹೋದದ್ದು ಡೆಟ್ರಾಯಿಟ್ ಪಕ್ಕದ ಒಂದು ಊರಿಗೆ. ಗಂಡ ಅಲ್ಲಿ ವೈದ್ಯಕೀಯ ತರಬೇತಿಯಲ್ಲಿದ್ದರು. ಸುತ್ತಲೂ ನಮ್ಮವರು, ಪಂಪ ಕನ್ನಡ ಕೂಟದ ಯುಗಾದಿ, ದೀಪಾವಳಿ. ತರಬೇತಿಗೆ ಬಂದವರ ಸಂಗಾತಿಗೆ ಕೊಡುವ ಆಗಿನ ಜೆ-2 ವೀಸಾದಲ್ಲಿ ಕೆಲಸದ ಪರವಾನಗಿ ಸಿಕ್ಕಿತ್ತು, ಒಂದು ಶಾಲೆಯಲ್ಲಿ ಸಹಾಯಕಿಯಾಗಿದ್ದರು. ತರಬೇತಿ ಮುಗಿಯುತ್ತಿದ್ದಂತೆ ಎಲ್ಲವೂ ಬದಲಾಯಿತು. ಜೆ-1 ಎಂಬ ತರಬೇತಿ ವೀಸಾದಲ್ಲಿ ಕಲಿತ ವೈದ್ಯರು ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ಅದರಿಂದ ವಿನಾಯಿತಿ ಬೇಕಾದರೆ ವೈದ್ಯರ ಅಭಾವವಿರುವ ಕಡೆ ಮೂರು ವರ್ಷ ದುಡಿಯಬೇಕು. ಉತ್ತರ ಡಕೋಟದ ಸೆನೆಟರ್ ಆಗಿದ್ದ ಕೆಂಟ್ ಕಾನ್ರಾಡ್ ಅವರ ಹೆಸರಿನ ಈ ಯೋಜನೆ 1994ರಿಂದ ಇದೆ, ಈಗ ಪ್ರತಿ ರಾಜ್ಯಕ್ಕೂ ವರ್ಷಕ್ಕೆ 30 ಜನರ ಮಿತಿ. ಅಮೆರಿಕದ ಎಷ್ಟೋ ಸಣ್ಣ ಊರುಗಳಲ್ಲಿ ಭಾರತದ ಡಾಕ್ಟರು ಕಾಣಿಸುವುದಕ್ಕೆ ಇದೂ ಒಂದು ಕಾರಣ. ಹೀಗೆ ಈ ಕುಟುಂಬ ಕನ್ಸಾಸ್ ರಾಜ್ಯದ ಪಶ್ಚಿಮ ಭಾಗದ, ಎರಡು ಸಾವಿರಕ್ಕಿಂತ ಕಡಿಮೆ ಜನರಿರುವ ಊರಿಗೆ ಬಂತು. ಗಂಡನದು ಎಚ್-1ಬಿ ಎಂಬ ಉದ್ಯೋಗ ವೀಸಾ ಆಯಿತು, ವೀಣಾ ಅವರದು ಅಂಥವರ ಸಂಗಾತಿಗೆ ಕೊಡುವ ಎಚ್-4. ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟುವವರೆಗೆ ಎಚ್-4ರಲ್ಲಿರುವ ಹೆಂಡತಿ ಕೆಲಸ ಮಾಡುವಂತಿಲ್ಲ. ಊರು, ನಮ್ಮವರ ಬಳಗ, ಕೆಲಸ ಮೂರೂ ಒಂದೇ ತಿಂಗಳಲ್ಲಿ ಕೈಬಿಟ್ಟವು.

ಆ ಊರನ್ನು ಅವರು ವರ್ಣಿಸಿದ್ದನ್ನು ಕೇಳಿದರೆ ಅಮೆರಿಕವೆಂದರೆ ಗಗನಚುಂಬಿ ಕಟ್ಟಡ ಎಂದುಕೊಂಡ ನಮ್ಮ ಬಂಧುಗಳಿಗೆ ಆಶ್ಚರ್ಯವಾದೀತು. ಎತ್ತರದ ಕಟ್ಟಡವೆಂದರೆ ರೈಲುಹಳಿಯ ಪಕ್ಕದಲ್ಲಿ ಗೋಧಿ ತುಂಬಿಡುವ ಕಾಂಕ್ರೀಟ್ ಗೋಪುರಗಳು ಮಾತ್ರ. ಮುಖ್ಯರಸ್ತೆಯಲ್ಲಿ ಬ್ಯಾಂಕು, ಅಂಚೆ ಕಚೇರಿ, ಒಂದು ದಿನಸಿ ಅಂಗಡಿ, ಬೆಳಿಗ್ಗೆ ಆರಕ್ಕೇ ವಯಸ್ಸಾದ ರೈತರು ಕಾಫಿಗೆ ಸೇರುವ ಒಂದು ಹೋಟೆಲು. ಉಳಿದ ಮಳಿಗೆಗಳಲ್ಲಿ ಬಹಳಷ್ಟು ಮುಚ್ಚಿವೆ. ಪಶ್ಚಿಮ ಕನ್ಸಾಸ್‌ನ ಹಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂತೆ) ನೂರು ವರ್ಷದ ಹಿಂದೆ ಇದ್ದಷ್ಟು ಜನ ಈಗಿಲ್ಲ. ಯಂತ್ರಗಳು ಬಂದು ಒಬ್ಬನೇ ಸಾವಿರಾರು ಎಕರೆ ಉಳುವಂತಾದ ಮೇಲೆ ಮಕ್ಕಳು ಡೆನ್ವರ್, ವಿಚಿಟಾ ಎಂದು ಚದುರಿದರು. ಶುಕ್ರವಾರ ಸಂಜೆ ಹೈಸ್ಕೂಲಿನ ಫುಟ್‌ಬಾಲ್ ಪಂದ್ಯಕ್ಕೆ ಊರಿಗೆ ಊರೇ ಹೋಗುತ್ತದೆ. ಹನ್ನೊಂದು ಹುಡುಗರು ಸಿಗದ ಕಾರಣ ಎಂಟೇ ಜನರ ತಂಡ. ಬಸ್ಸಿಲ್ಲ, ಆಟೊ ಇಲ್ಲ. ಬೇಳೆ, ಹುಣಸೆಹಣ್ಣು ಬೇಕೆಂದರೆ ಗಂಟೆಗಟ್ಟಲೆ ಕಾರಿನಲ್ಲಿ ಹೋಗಬೇಕು. ಮತ್ತೆ ಗಾಳಿ. ಮರಗಳಿಲ್ಲದ ಬಯಲಿನಲ್ಲಿ ಅಡ್ಡಿಯಿಲ್ಲದೆ ಬೀಸುವ ಗಾಳಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಪಶ್ಚಿಮ ಕನ್ಸಾಸ್‌ನಲ್ಲಿ ಬೀಳುವುದು ಸುಮಾರು 400ರಿಂದ 500. ಮಲೆನಾಡಿನ ಹಸಿರಿನಲ್ಲಿ ಬೆಳೆದ ವೀಣಾ "ಕಣ್ಣು ನಿಲ್ಲುವುದಕ್ಕೇ ಜಾಗವಿಲ್ಲ ಮೇಡಂ" ಎಂದರು.

ಗಂಡ ದುಡಿಯುವುದು 25 ಹಾಸಿಗೆಯ ಆಸ್ಪತ್ರೆಯಲ್ಲಿ. ಇಂಥ ಸಣ್ಣ ಗ್ರಾಮೀಣ ಆಸ್ಪತ್ರೆಗಳು ಮುಚ್ಚಿಹೋಗದಿರಲಿ ಎಂದು 1997ರ ಒಂದು ಕಾಯ್ದೆ ಅವಕ್ಕೆ ವಿಶೇಷ ನೆರವು ಕೊಡುತ್ತದೆ. ಹಾಸಿಗೆ 25 ಮೀರುವಂತಿಲ್ಲ. ಟ್ರಾಕ್ಟರಿಗೆ ಕೈ ಸಿಕ್ಕಿಸಿಕೊಂಡವರಿಂದ ಹಿಡಿದು ಎದೆನೋವಿನವರವರೆಗೆ ಎಲ್ಲರೂ ಮೊದಲು ಬರುವುದು ಅಲ್ಲಿಗೇ. ಊರಿಗೆ ಡಾಕ್ಟರು ಬೇಕೇ ಬೇಕು. ಹೆಂಡತಿಗೆ ಮಾತ್ರ ಅಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ.

ವೀಣಾ ಅವರ ದಿನಚರಿಯನ್ನು ಗಂಟೆಗಂಟೆಯಾಗಿ ಬರೆಸಿದೆ. ಬೇಸಿಗೆಯಲ್ಲಿ ನಮಗೂ ಆ ಊರಿಗೂ ಹತ್ತೂವರೆ ಗಂಟೆಯ ಅಂತರ, ಚಳಿಗಾಲದಲ್ಲಿ ಹನ್ನೊಂದೂವರೆ. ಅವರು ಅಲ್ಲಿದ್ದುಕೊಂಡು ಶಿವಮೊಗ್ಗದ ಗಡಿಯಾರದಲ್ಲಿ ಬದುಕುತ್ತಿದ್ದರು. ಅಲ್ಲಿ ಮಧ್ಯರಾತ್ರಿಯಾದರೆ ಅಮ್ಮನ ಅಡುಗೆಮನೆಯಲ್ಲಿ ಮಧ್ಯಾಹ್ನದ ಅಡುಗೆಯ ಹೊತ್ತು. ಮೊಬೈಲನ್ನು ಆ ಕಡೆ ಒಗ್ಗರಣೆಯ ಪಕ್ಕ ನಿಲ್ಲಿಸಿ, ಈ ಕಡೆ ಹಾಸಿಗೆಯಲ್ಲಿ ಹಿಡಿದುಕೊಂಡು ಮೂರು ನಾಲ್ಕು ಗಂಟೆ ಮಾತು. ಹಗಲು ಪರದೆ ಎಳೆದು ಮಲಗುವುದು. ಸ್ನಾನ ತಪ್ಪುತ್ತಿತ್ತು, ಊಟ ತಪ್ಪುತ್ತಿತ್ತು. ನಾಲ್ಕು ವರ್ಷದ ಮಗಳು ಟ್ಯಾಬ್ ಹಿಡಿದು ಒಬ್ಬಳೇ ಕೂತಿರುತ್ತಿದ್ದಳು. ಅದನ್ನು ಹೇಳುವಾಗ ಅವರ ಧ್ವನಿ ಪೂರ್ತಿ ಉಡುಗಿತು.

"ಅಕ್ಕಪಕ್ಕದವರು?" ಎಂದೆ. ಆಗ ಬಂತು ಗಾಜಿನ ಪಾತ್ರೆಯ ವಿಷಯ.

ಊರಿಗೆ ಬಂದ ಮೊದಲ ವಾರ ಪಕ್ಕದ ಮನೆಯ, ಎಪ್ಪತ್ತು ದಾಟಿದ ಹೆಂಗಸೊಬ್ಬರು ಬಾಗಿಲು ತಟ್ಟಿ ಒಂದು ಉದ್ದನೆಯ ಗಾಜಿನ ಪಾತ್ರೆ ಕೊಟ್ಟುಹೋದರು. ಮೇಲೆ ಅಲ್ಯುಮಿನಿಯಂ ಹಾಳೆ, ತಳಕ್ಕೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಪೆನ್ನಿನಿಂದ ಬರೆದ ಅವರ ಹೆಸರು. ಒಳಗಿದ್ದದ್ದು ನೂಡಲ್ಸ್, ಚೀಸ್, ದನದ ಮಾಂಸದ ಕೀಮಾ ಸೇರಿಸಿ ಓವನ್‌ನಲ್ಲಿ ಬೇಯಿಸಿದ ಅಡುಗೆ. ವೀಣಾ ಶುದ್ಧ ಸಸ್ಯಾಹಾರಿ. ಪ್ರೀತಿಯಿಂದ ತಂದದ್ದು ಎಂದು ಗೊತ್ತಿದ್ದೂ ಕಸದ ಚೀಲಕ್ಕೆ ಸುರಿದರು, ಯಾರಾದರೂ ನೋಡಿಯಾರು ಎಂದು ಆ ಚೀಲವನ್ನು ಇನ್ನೊಂದು ಚೀಲದೊಳಗೆ ಕಟ್ಟಿದರು. ಪಾತ್ರೆ ತೊಳೆದಿಟ್ಟರು. ಬರಿದಾಗಿ ಮರಳಿಸುವ ಪದ್ಧತಿ ನಮ್ಮ ಮನೆಗಳಲ್ಲಿಲ್ಲ. ಏನಾದರೂ ಹಾಕಿ ಕೊಡೋಣವೆಂದರೆ ನಮ್ಮ ಅಡುಗೆ ಅವರಿಗೆ ಸೇರುತ್ತದೋ ಇಲ್ಲವೋ. "ಅಂದು ತಂದದ್ದು ಹೇಗಿತ್ತು" ಎಂದು ಕೇಳಿದರೆ ಏನೆನ್ನುವುದು? ನಾಳೆ ನಾಡಿದ್ದು ಎನ್ನುತ್ತ ವರ್ಷವೇ ಕಳೆಯಿತು. ಕೊನೆಗೆ ಆ ಹೆಂಗಸು ಹೂಗಿಡಕ್ಕೆ ನೀರು ಹಾಕಲು ಹೊರಬಂದರೆ ವೀಣಾ ಒಳಗೆ ಹೋಗುತ್ತಿದ್ದರು. ಹದಿನೈದು ತಿಂಗಳಲ್ಲಿ ಅವರಿಬ್ಬರ ನಡುವೆ ನಡೆದದ್ದು ಕೈ ಬೀಸಿದ್ದಷ್ಟೇ.

ಈ ಪ್ರಕರಣದ ಗಂಟು ಇಲ್ಲಿದೆ ಎಂದು ನನಗನ್ನಿಸಿತು. ಆ ಊರು ಕಲ್ಲುಮನಸ್ಸಿನದಲ್ಲ. ಅಲ್ಲಿ ಬೆಂಕಿ ಬಿದ್ದರೆ ಆರಿಸಲು ಓಡಿಬರುವವರು ಸಂಬಳವಿಲ್ಲದ ಸ್ವಯಂಸೇವಕರು. ಸಾವಾದ ಮನೆಯವರಿಗೆ ಚರ್ಚಿನ ಹೆಂಗಸರು ಸೇರಿ ಊಟ ಬಡಿಸುತ್ತಾರೆ. ಎದುರಿಗೆ ಬರುವ ಅಪರಿಚಿತನಿಗೂ ಸ್ಟೀರಿಂಗಿನ ಮೇಲಿಂದ ಎರಡು ಬೆರಳೆತ್ತಿ ನಮಸ್ಕರಿಸುತ್ತಾರೆ. ಆದರೆ ಅವರು ಬಾಗಿಲಿಗೆ ಬರುವುದು ಕಾರಣವಿದ್ದಾಗ: ಹೊಸ ಒಕ್ಕಲು, ಬಾಣಂತನ, ಕಾಯಿಲೆ, ಸಾವು. ಅದಾದ ಮೇಲೆ ನೀವಾಗಿ ಕರೆಯುವವರೆಗೆ ಬರುವುದಿಲ್ಲ. ಹಾಗೆ ದೂರವಿರುವುದನ್ನೇ ಅವರು ಮರ್ಯಾದೆ ಎಂದು ತಿಳಿದಿದ್ದಾರೆ. ನಮ್ಮಲ್ಲಿ ಕಾರಣವಿಲ್ಲದೆ "ಏನು ಮಾಡುತ್ತಿದ್ದೀರಿ" ಎನ್ನುತ್ತ ಅಡುಗೆಮನೆಯವರೆಗೆ ಬರುವವರೇ ಬಳಗ. ವೀಣಾ ಅವರು ಯಾರಾದರೂ ಬರಲಿ ಎಂದು ಒಳಗೆ ಕಾದರು. ಊರಿನವರು ಈಕೆ ಕರೆಯಲಿ ಎಂದು ಹೊರಗೆ ಕಾದರು. ಆ ಹೆಂಗಸಿನ ಮಕ್ಕಳೂ ದೂರದ ನಗರಗಳಲ್ಲಿದ್ದಾರೆ. ಮಕ್ಕಳನ್ನು ಬೆಂಗಳೂರಿಗೆ ಕಳಿಸಿ ಹೆಂಚಿನ ಮನೆಯಲ್ಲಿ ಒಬ್ಬರೇ ಉಳಿದ ತೀರ್ಥಹಳ್ಳಿಯ ಅಜ್ಜಿಯರನ್ನು ಬಲ್ಲ ವೀಣಾಗೆ ಅದನ್ನು ವಿವರಿಸಬೇಕಾಗಲಿಲ್ಲ.

ಹಾಗೆಂದು ಮಾತಿನಿಂದಲೇ ಎಲ್ಲ ಸರಿಹೋಗುವ ಸ್ಥಿತಿ ಅದಾಗಿರಲಿಲ್ಲ. ಖಿನ್ನತೆಯ ಪ್ರಶ್ನಾವಳಿ ಮಧ್ಯಮ ಮಟ್ಟವನ್ನು ತೋರಿಸಿತು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ, ಕೇಳದಿರುವುದೇ ಅಪಾಯ. "ಎದ್ದೇಳದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ, ಏನೂ ಮಾಡಿಕೊಳ್ಳುವುದಿಲ್ಲ" ಎಂದರು. ಅದೇ ವಾರ ಮನೋವೈದ್ಯರ ಬಳಿ ಕಳಿಸಿದೆ. ಥೈರಾಯಿಡ್, ಬಿ12, ವಿಟಮಿನ್ ಡಿ ಪರೀಕ್ಷೆಯಾಯಿತು. ಬಿ12 ತೀರಾ ಕಡಿಮೆಯಿತ್ತು. ಖಿನ್ನತೆಗೆ ಮಾತ್ರೆ ಶುರುವಾಯಿತು.

ಇಷ್ಟು ದಿನ ಅಲ್ಲಿಯೇ ಏಕೆ ತೋರಿಸಿಕೊಳ್ಳಲಿಲ್ಲ ಎಂಬುದಕ್ಕೆ ಅವರ ಉತ್ತರ ಸಣ್ಣ ಊರಿನ ಇನ್ನೊಂದು ಸತ್ಯ. ಅಲ್ಲಿನ ಡಾಕ್ಟರು ಗಂಡ, ಅಥವಾ ಗಂಡನ ಸಹೋದ್ಯೋಗಿ. ಔಷಧ ಅಂಗಡಿಯವರಿಗೆ ಎಲ್ಲರ ಮಾತ್ರೆಯೂ ಗೊತ್ತು. ಯಾರ ಕಾರು ಯಾವ ಬಾಗಿಲ ಮುಂದೆ ನಿಂತಿತ್ತು ಎಂಬುದು ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ. ಕನ್ಸಾಸ್‌ನಲ್ಲಿ ಪರವಾನಗಿ ಇರುವ, ಬೇರೆ ಊರಿನ ಆಪ್ತಸಲಹೆಗಾರರೊಬ್ಬರ ಜೊತೆ ವಿಡಿಯೊ ಮೂಲಕ ಮುಂದುವರಿಯುವ ಏರ್ಪಾಡನ್ನು ಅವರು ಹೊರಡುವ ಮೊದಲೇ ಮಾಡಿಸಿದೆ. ಮನಸ್ಸು ತೀರಾ ಕುಸಿದರೆ ಅಮೆರಿಕದಲ್ಲಿ ಹಗಲು ರಾತ್ರಿ ಕರೆ ಮಾಡಬಹುದಾದ 988 ಸಂಖ್ಯೆಯನ್ನು ಇಬ್ಬರ ಮೊಬೈಲಿನಲ್ಲೂ ಬರೆಸಿದೆ.

ಭಯದ ಮಾತು ತಂದೆಯವರಿಂದ ಬಂತು. 2017ರ ಫೆಬ್ರುವರಿಯಲ್ಲಿ ಇದೇ ಕನ್ಸಾಸ್ ರಾಜ್ಯದ ಒಲಾಥೆಯಲ್ಲಿ "ನಮ್ಮ ದೇಶ ಬಿಟ್ಟು ಹೋಗಿ" ಎಂದು ಕೂಗಿ ಭಾರತದ ಯುವ ಎಂಜಿನಿಯರ್ ಒಬ್ಬರನ್ನು ಗುಂಡಿಟ್ಟು ಕೊಂದದ್ದು ಅವರಿಗೆ ಮರೆತಿಲ್ಲ. ಮಗಳ ಊರಿನಲ್ಲಿ ಬಂದೂಕು ಇಟ್ಟುಕೊಂಡವರು ಬಹಳ. ಆ ಭಯವನ್ನು ನಾನು ತಳ್ಳಿಹಾಕಲಿಲ್ಲ, ತಳ್ಳಿಹಾಕುವ ಹಕ್ಕು ನನಗಿಲ್ಲ. ಅಂದು ಹಂತಕನನ್ನು ತಡೆಯಲು ಹೋಗಿ ಗುಂಡೇಟು ತಿಂದ ತರುಣನೂ ಅಲ್ಲಿಯವನೇ ಎಂಬುದನ್ನು ಮಾತ್ರ ಸೇರಿಸಿದೆ. ವೀಣಾ ಅವರಿಗೆ ಹೇಳಿದ್ದಿಷ್ಟು: ದಿನಸಿ ಅಂಗಡಿಯಲ್ಲಿ ನಿಮ್ಮನ್ನು ನೋಡುವ ಎಲ್ಲ ಕಣ್ಣುಗಳನ್ನೂ ಒಂದೇ ಎಂದು ಎಣಿಸಬೇಡಿ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಹೊಸ ಮುಖವನ್ನು ನೋಡಿಯೇ ನೋಡುತ್ತಾರೆ. ಹಿಂಬಾಲಿಸಿದರೆ, ಕೂಗಿದರೆ, ಮಗುವಿನ ಬಗ್ಗೆ ಮಾತಾಡಿದರೆ ತಡಮಾಡದೆ ಗಂಡನಿಗೂ ಶೆರಿಫ್ ಕಚೇರಿಗೂ, ಅಂದರೆ ಕೌಂಟಿಯ ಪೊಲೀಸರಿಗೂ, ತಿಳಿಸಿ.

ಗಂಡನ ಜೊತೆ ವಿಡಿಯೊದಲ್ಲಿ ಮಾತಾಡಿದೆ. ಒಳ್ಳೆಯ ಮನುಷ್ಯ, ದಣಿದ ಮನುಷ್ಯ. "ಇಲ್ಲಿ ಎಲ್ಲರೂ ನಮ್ಮನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ" ಎಂದರು. ಕರಾರು ಅರ್ಧಕ್ಕೆ ಬಿಟ್ಟರೆ ವಿನಾಯಿತಿ ಹೋಗಿ ಎರಡು ವರ್ಷದ ನಿಯಮ ಮತ್ತೆ ಅಂಟಿಕೊಳ್ಳುತ್ತದೆ ಎಂಬ ಆತಂಕವೂ ಅವರಿಗಿತ್ತು. ನಾನು ಹೇಳಿದೆ: "ಊರು ನೋಡಿಕೊಳ್ಳುತ್ತಿರುವುದು ನಿಮ್ಮನ್ನು. ನಿಮ್ಮ ಹೆಂಡತಿಯನ್ನು ಊರು ಇನ್ನೂ ನೋಡೇ ಇಲ್ಲ." ತುಂಬ ಹೊತ್ತು ಸುಮ್ಮನಿದ್ದರು. ರಾತ್ರಿ ಪಾಳಿಗಳಿಲ್ಲದ ಒಂದು ವಾರಾಂತ್ಯವನ್ನು ತಿಂಗಳಿಗೊಮ್ಮೆಯಾದರೂ ಆಡಳಿತದವರಲ್ಲಿ ಕೇಳಿ ಪಡೆಯಿರಿ, ಡಾಕ್ಟರು ಬಿಟ್ಟುಹೋದರೆ ಕಷ್ಟ ಅವರಿಗೇ ಹೆಚ್ಚು, ಕೇಳಲು ಹಿಂಜರಿಯಬೇಡಿ ಎಂದೆ.

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಿದ್ದು ಕಾರು ಓಡಿಸುವುದನ್ನು. ಕನ್ಸಾಸ್‌ನಲ್ಲಿ ಹೊಲದ ಮನೆಯ ಮಕ್ಕಳಿಗೆ ಹದಿನಾಲ್ಕಕ್ಕೇ ಪರವಾನಗಿ ಸಿಗುತ್ತದೆ. ಮೂವತ್ತು ದಾಟಿದ ಹೆಂಗಸು ಹಾಲಿಗೂ ಗಂಡನನ್ನು ಕಾಯಬೇಕಾದರೆ ಯಾವ ಮಾತ್ರೆಯೂ ಪೂರ್ತಿ ಫಲ ಕೊಡುವುದಿಲ್ಲ. ಅಲ್ಲಿ ಮೈಲಿಗೊಂದು ಅಡ್ಡರಸ್ತೆಯಂತೆ ಬಯಲನ್ನೆಲ್ಲ ಚೌಕಚೌಕವಾಗಿ ಅಳೆದಿಟ್ಟಿದ್ದಾರೆ, ನೇರ ರಸ್ತೆ, ವಾಹನ ಕಡಿಮೆ. ಕಲಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಯಾವುದು?

ಗಾಜಿನ ಪಾತ್ರೆಯನ್ನು ಕೊಬ್ಬರಿ ಮಿಠಾಯಿ ಹಾಕಿ ಮರಳಿಸಿ, ನಾವು ಮಾಂಸ ತಿನ್ನುವುದಿಲ್ಲ, ಹೇಳಲು ಸಂಕೋಚವಾಗಿ ಇಷ್ಟು ದಿನ ಬರಲಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿ ಎಂದೆ. ಚರ್ಚಿನ ಊಟಕ್ಕೆ ಕರೆದರೆ ಹೋಗಿ. ಇಂಥ ಊರುಗಳಲ್ಲಿ ಅದು ಪ್ರಾರ್ಥನೆಯ ಜಾಗವೂ ಹೌದು, ಊರ ಸಮುದಾಯ ಭವನವೂ ಹೌದು. ಪ್ರಾರ್ಥನೆಗೆ ಬೇಡವೆನ್ನುವ ಸ್ವಾತಂತ್ರ್ಯ ನಿಮಗಿದೆ. ಪಾಠ ಹೇಳಿದ ಕೈ ಸುಮ್ಮನಿರಬಾರದು, ಗ್ರಂಥಾಲಯದ ಮಕ್ಕಳ ಕಥೆಯ ಗಂಟೆಗೆ ಸ್ವಯಂಸೇವಕಿಯಾಗಿ ಹೋಗಬಹುದೇ ಎಂದು ವಿಚಾರಿಸಿ; ಆದರೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆಯಾಗಿ ಮಾಡಿದರೂ ಎಚ್-4ರಲ್ಲಿ ತೊಡಕಾಗಬಹುದು, ಮೊದಲು ವಲಸೆ ವಕೀಲರನ್ನು ಕೇಳಿ.

ತಾಯಿಗೂ ಕೆಲಸ ಕೊಟ್ಟೆ. ಮಗಳ ರಾತ್ರಿಯಲ್ಲಿ ಫೋನ್ ಎತ್ತಬೇಡಿ. ಅಲ್ಲಿ ಸಂಜೆ ಎಂಟಕ್ಕೆ, ಇಲ್ಲಿ ಬೆಳಿಗ್ಗೆ ಆರೂವರೆಗೆ, ಅರ್ಧ ಗಂಟೆ ಮಾತಾಡಿ. ಆ ಅರ್ಧ ಗಂಟೆಯಲ್ಲಿ "ಹೊಂದಿಕೊಂಡು ಹೋಗು" ಎನ್ನಬೇಡಿ. ಆ ತಾಯಿಗೆ ಇದು ಎಲ್ಲರಿಗಿಂತ ಕಷ್ಟವಾಯಿತು, ಆದರೂ ಮಾಡಿದರು.

ಮಾತ್ರೆ ಫಲ ಕೊಡತೊಡಗಿ, ನಿದ್ದೆ ಸರಿಯಾದ ಮೇಲೆ ವೀಣಾ ಮರಳಿದರು. ಹೋಗಲೇಬೇಕೆಂದು ನಾನು ಹೇಳಿರಲಿಲ್ಲ, ನಿರ್ಧಾರ ಅವರದೇ. ಚಾಲನಾ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ ಆಮೇಲೆ ಪಾಸಾದರು. ಪಕ್ಕದ ಮನೆಯ ಹೆಂಗಸು ಪಾತ್ರೆಯನ್ನು ಮರೆತೇಬಿಟ್ಟಿದ್ದರಂತೆ. ಈಗ ಅವರು ತಮ್ಮ ಹಿತ್ತಲಿನ ಟೊಮೆಟೊ ತಂದುಕೊಡುತ್ತಾರೆ, ಮಗಳು ಅವರ ನಾಯಿಯ ಜೊತೆ ಆಡುತ್ತಾಳೆ. ಚರ್ಚಿನ ಊಟಕ್ಕೆ ಒಯ್ದ ಚಿತ್ರಾನ್ನ ಅರ್ಧ ಉಳಿಯಿತು, ಒಬ್ಬ ರೈತ ಮಾತ್ರ ಎರಡು ಸಲ ಹಾಕಿಸಿಕೊಂಡನಂತೆ. ಗಾಳಿ ಅವರಿಗೆ ಇನ್ನೂ ಸೇರುವುದಿಲ್ಲ.

ದೊಡ್ಡ ಪ್ರಶ್ನೆ ಬಗೆಹರಿದಿಲ್ಲ. ಮೂರು ವರ್ಷ ಮುಗಿದ ಮೇಲೂ ಅಲ್ಲಿಯೇ ಇರಬೇಕೆಂಬ ಆಸೆ ಗಂಡನಿಗೆ. ರೋಗಿಗಳು ಕೈ ಹಿಡಿದು ಕೇಳುತ್ತಾರಂತೆ. ವೀಣಾಗೆ ತಮ್ಮ ಹೆಸರಿನಲ್ಲಿ ಕೆಲಸ ಸಿಗುವ ಊರು ಬೇಕು. ಮುಂದಿನ ಗೋಧಿ ಕೊಯ್ಲಿನ ಹೊತ್ತಿಗೆ, ಅಂದರೆ ಜೂನ್ ಕೊನೆಯೊಳಗೆ, ಇಬ್ಬರೂ ತಮಗೆ ಬೇಕಾದದ್ದನ್ನು ಬೇರೆ ಬೇರೆಯಾಗಿ ಬರೆದು ಅಲ್ಲಿನ ಸಲಹೆಗಾರರ ಎದುರು ಓದಬೇಕೆಂದು ಗೊತ್ತುಮಾಡಿಕೊಂಡಿದ್ದಾರೆ. ಅದಕ್ಕೂ ಮುಂಚೆ ಊಟದ ಮೇಜಿನಲ್ಲಿ ಆ ವಿಷಯ ಎತ್ತಬಾರದೆಂದು ಇಬ್ಬರೂ ಒಪ್ಪಿದ್ದಾರೆ.