‘ಏನೂ ಇಲ್ಲ ಅಂತಾರೆ ಮೇಡಂ’

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಬಂದ ಅವರಿಗೆ 38 ವರ್ಷ. ಹಾಸನ–ಮಂಗಳೂರು ನಡುವೆ ಲಾರಿ ಓಡಿಸುತ್ತಾರೆ. ಮೂರು ತಿಂಗಳ ಹಿಂದೆ ಅವರ ಭಾವ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಆಮೇಲೆ ಶುರುವಾಯಿತು. ಇದ್ದಕ್ಕಿದ್ದಂತೆ ಎದೆ ಡವಡವ, ಅಂಗೈ ಬೆವರು, ಹೊಟ್ಟೆ ತೊಳಸು, ಬೆರಳ ತುದಿಯಲ್ಲಿ ಜುಮುಜುಮು. ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ನಾರ್ಮಲ್. “ಏನೂ ಇಲ್ಲ ಅಂತಾರೆ ಮೇಡಂ. ಹಾಗಾದ್ರೆ ನಾನು ನಾಟಕ ಮಾಡ್ತಿದ್ದೀನಾ?” ಅನ್ನುವಾಗ ಕಣ್ಣು ತುಂಬಿತ್ತು.

ಈ ‘ಏನೂ ಇಲ್ಲ’ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಹೃದಯಕ್ಕೆ ರೋಗವಿಲ್ಲ, ಸರಿ. ಎದೆ ಹೊಡೆದುಕೊಂಡಿದ್ದು ಸುಳ್ಳಲ್ಲ ಅಲ್ವಾ?

“ಶಿರಾಡಿ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಒತ್ತುತ್ತೀರಾ?” ಎಂದು ಕೇಳಿದೆ.

“ಇಲ್ಲ ಮೇಡಂ. ಬ್ರೇಕ್ ಸ್ವಲ್ಪ ಸಡಿಲ ಬಿಟ್ರೆ ಗಾಡಿ ತಾನೇ ಓಡುತ್ತೆ.”

ಹೃದಯವೂ ಹಾಗೇ. ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ನೆ ಕೂತಾಗ 70ರ ಆಸುಪಾಸು ಇರುವುದು ವೇಗಸ್ ನರ ಹಿಡಿದಿಟ್ಟುಕೊಳ್ಳುವುದರಿಂದ. ಮಿದುಳಿನ ಬುಡದಿಂದ ಇಳಿಯುವ ಇದು ಪ್ಯಾರಾಸಿಂಪಥೆಟಿಕ್ ಗುಂಪಿನ, ಅಂದರೆ ದೇಹವನ್ನು ಶಾಂತವಾಗಿಡುವ ನರಗಳ ಗುಂಪಿನ, ದೊಡ್ಡ ನರ. ಭಯವಾದರೆ ಈ ಹಿಡಿತ ಮೊದಲು ಸಡಿಲವಾಗುತ್ತದೆ. ಜೊತೆಗೆ ಬೆನ್ನುಹುರಿಯ ಎದೆ, ಸೊಂಟದ ಭಾಗದಿಂದ ಹೊರಡುವ, ಅಪಾಯಕ್ಕೆ ದೇಹವನ್ನು ಸಜ್ಜು ಮಾಡುವ ಸಿಂಪಥೆಟಿಕ್ ನರಗಳು ಚುರುಕಾಗುತ್ತವೆ. ಬೆವರು ಬರಿಸುವುದು, ಹೊಟ್ಟೆಯ ಕೆಲಸ ತಡೆಯುವುದು ಅವೇ. ಕಿಡ್ನಿ ಮೇಲಿನ ಗ್ರಂಥಿಯಿಂದ ರಕ್ತಕ್ಕೆ ಅಡ್ರಿನಾಲಿನ್ ಸುರಿಸುವುದೂ ಅವೇ. ಅದಕ್ಕೇ ಭಯ ಹೋದರೂ ನಡುಕ ಸ್ವಲ್ಪ ಹೊತ್ತು ಉಳಿಯುತ್ತದೆ. ಬೆರಳಿನ ಜುಮುಜುಮು ಮಾತ್ರ ಬೇರೆ. ಜಾಸ್ತಿ ಉಸಿರಾಡಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದಾಗ ಅದು ಬರುತ್ತದೆ.

ಈ ನರಗಳು ನಮ್ಮ ಅಪ್ಪಣೆ ಕೇಳುವುದಿಲ್ಲ. ಆದರೆ ಉಸಿರು ನಮ್ಮ ಮಾತನ್ನೂ ಕೇಳುತ್ತದೆ. ಉಸಿರು ಬಿಡುವಾಗ ವೇಗಸ್ ಹಿಡಿತ ಬಿಗಿಯಾಗಿ ಬಡಿತ ಇಳಿಯುತ್ತದೆ. ತಮ್ಮ ಮಣಿಕಟ್ಟು ಹಿಡಿದು ಅವರೇ ಇದನ್ನು ನೋಡಿಕೊಂಡರು.

ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಬೆಳಿಗ್ಗೆ, ರಾತ್ರಿ ಹತ್ತು ನಿಮಿಷ, ಮನಸ್ಸು ಶಾಂತವಾಗಿರುವಾಗಲೇ ಅಭ್ಯಾಸ ಮಾಡಿ ಎಂದೆ. ಸ್ಟೇರಿಂಗ್ ಹಿಡಿದಾಗ ಶುರುವಾದರೆ ಗಾಡಿ ಪಕ್ಕಕ್ಕೆ ಹಾಕಿ, ಪೂರ್ತಿ ತಗ್ಗುವವರೆಗೆ ಹೊರಡಬೇಡಿ. ರಾತ್ರಿ ಟೀ ಕಡಿಮೆ ಮಾಡಿ. ಎದೆ ಹಿಂಡಿ ನೋವು ತೋಳಿಗೋ ದವಡೆಗೋ ಹರಿದರೆ, ಕಣ್ಣು ಕತ್ತಲೆ ಬಂದರೆ, ಉಸಿರಾಟ ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ಮೂರನೇ ಭೇಟಿಯಲ್ಲಿ ಭಾವನ ಮಾತು ಬಂತು. ಇವರು ಅವರ ಲಾರಿಯಲ್ಲೇ ಕ್ಲೀನರ್ ಆಗಿದ್ದವರು, ಅವರಿಂದಲೇ ಡ್ರೈವಿಂಗ್ ಕಲಿತವರು. ಸತ್ತಾಗ ಅಳಲೂ ಪುರುಸೊತ್ತಿರಲಿಲ್ಲವಂತೆ, ಅಕ್ಕನ ಮನೆಯ ಓಡಾಟವೆಲ್ಲ ಇವರ ಮೇಲೇ ಬಿದ್ದಿತ್ತು. ಅವತ್ತು ಬಹಳ ಹೊತ್ತು ಅತ್ತರು. ನಾನು ಉಸಿರಾಟದ ಸುದ್ದಿ ಎತ್ತಲಿಲ್ಲ.