ಸಂಪಾದಕರ ಉತ್ತರ: ಗೆರೆಯ ಆಚೆ ನಿಂತವರಿಗೂ ಕಾಣುವ ನಿಯಮ

ಮಾನ್ಯರೇ,

ಧಾರವಾಡದ ಸಪ್ತಾಪುರದಿಂದ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ನಲವತ್ತು ವರ್ಷಗಳಿಂದ ಫುಟ್‌ಬಾಲ್ ನೋಡುತ್ತ ಬಂದಿದ್ದೀರಿ, ಕೆಲವು ಕಾಲ ಗೆರೆಯ ಬಳಿ ನಿಂತು ರೆಫರಿಗೆ ನೆರವಾಗುವ ಲೈನ್‌ಮನ್ ಆಗಿ ಬಾವುಟವನ್ನೂ ಹಿಡಿದಿದ್ದೀರಿ. ವರ್ಷ ವರ್ಷವೂ ನಿಯಮ ಬದಲಿಸಿ ಆಟದ ಗುರುತೇ ಸಿಗದಂತೆ ಮಾಡಿದ್ದಾರೆ ಎಂಬುದು ತಮ್ಮ ಮೊದಲ ದೂರು. ವಿಎಆರ್, ಅಂದರೆ ವಿಡಿಯೊ ನೋಡಿ ರೆಫರಿಯ ತೀರ್ಪನ್ನು ಪರಿಶೀಲಿಸುವ ಪದ್ಧತಿ, ಬಂದ ಮೇಲೆ ಗೋಲಾದ ಕೂಡಲೇ ಎದ್ದು ಕುಣಿಯುವುದಕ್ಕೂ ಧೈರ್ಯ ಸಾಲದಾಗಿದೆ, ಇಷ್ಟೆಲ್ಲ ಮಾಡುವವರು ನೋಡುವ ಜನರನ್ನು ಒಂದು ಮಾತೂ ಕೇಳುವುದಿಲ್ಲ ಎಂದು ಮುಂದೆ ಬರೆದು, "ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರಿ?" ಎಂದು ಪತ್ರ ಮುಗಿಸಿದ್ದೀರಿ. ಪೂರ್ತಿ ಪತ್ರ ಅಚ್ಚು ಹಾಕಲು ಸ್ಥಳವಿಲ್ಲದ್ದರಿಂದ ಓದುಗರಿಗಾಗಿ ಸಾರವನ್ನಷ್ಟೇ ಇಲ್ಲಿ ಕೊಟ್ಟಿದ್ದೇನೆ. ಮೊದಲ ದೂರನ್ನು ನಾನು ಒಪ್ಪಲಾರೆ. ಉಳಿದವುಗಳಲ್ಲಿ ತಾವು ಹೇಳಿದ್ದಕ್ಕಿಂತಲೂ ಹೆಚ್ಚಿನ ಸತ್ಯವಿದೆಯೆಂದು ನನಗೆ ಅನ್ನಿಸುತ್ತದೆ.

ತಾವು ಪ್ರೀತಿಸುವ ಆಟವೇ ಬದಲಾವಣೆಯಿಂದ ಆದದ್ದು. 1990ರ ಇಟಲಿ ವಿಶ್ವಕಪ್ಪನ್ನು ತಾವು ನೋಡಿರಲೇಬೇಕು. 52 ಪಂದ್ಯಗಳಲ್ಲಿ ಬಿದ್ದ ಗೋಲುಗಳು 115, ಅಂದರೆ ಪಂದ್ಯಕ್ಕೆ ಎರಡಕ್ಕಿಂತ ತುಸುವೇ ಹೆಚ್ಚು. ಒಂದು ಗೋಲು ಮುಂದಿದ್ದ ತಂಡದ ಡಿಫೆಂಡರ್ ಚೆಂಡನ್ನು ಹಿಂದಕ್ಕೆ ತಳ್ಳುವುದು, ಗೋಲ್‌ಕೀಪರ್ ಅದನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ನೆಲಕ್ಕೆ ಬಿಡುವುದು, ಎದುರಾಳಿ ಓಡಿ ಬಂದರೆ ಮತ್ತೆ ಎತ್ತಿಕೊಳ್ಳುವುದು, ಹೀಗೆಯೇ ಹೊತ್ತು ಕಳೆಯುವುದು ಆಗ ನಿಯಮಕ್ಕೆ ಸರಿಯಾದ ಆಟವೇ ಆಗಿತ್ತು. 1992ರಲ್ಲಿ, ತನ್ನವನು ಕಾಲಿನಿಂದ ಬೇಕೆಂದೇ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಮುಟ್ಟಬಾರದೆಂದು ನಿಯಮ ಬಂತು. ಇಂದು ಮೈದಾನಕ್ಕೆ ಬರುವ ಹತ್ತು ವರ್ಷದ ಹುಡುಗನಿಗೆ ಹಿಂದಿನ ಪದ್ಧತಿಯನ್ನು ಹೇಳಿದರೆ ಅವನು ನಂಬುವುದೇ ಇಲ್ಲ. ಅದಕ್ಕೂ ಹಿಂದೆ, 1925ರಲ್ಲಿ, ಆಫ್‌ಸೈಡ್ ಆಗದಿರಲು, ಅಂದರೆ ತನ್ನವನು ಚೆಂಡು ಕೊಡುವಾಗ ಎದುರಾಳಿಗಳನ್ನು ದಾಟಿ ಮುಂದೆ ನಿಂತ ತಪ್ಪಿಗೆ ಸಿಗದಿರಲು, ಆಟಗಾರನಿಗೂ ಗೋಲಿನ ಗೆರೆಗೂ ನಡುವೆ ಮೂವರು ಎದುರಾಳಿಗಳಿರಬೇಕೆಂಬುದನ್ನು ಇಬ್ಬರಿಗೆ ಇಳಿಸಿದಾಗ ಇಂಗ್ಲೆಂಡಿನ ಮೊದಲ ಡಿವಿಜನ್‌ನ ಗೋಲುಗಳು ಒಂದೇ ವರ್ಷದಲ್ಲಿ 1192ರಿಂದ 1703ಕ್ಕೆ ಏರಿದವು. ಆರ್ಸೆನಲ್‌ನ ಹರ್ಬರ್ಟ್ ಚಾಪ್‌ಮನ್ ನಡುಸಾಲಿನವನೊಬ್ಬನನ್ನು ಹಿಂದಕ್ಕೆ ಎಳೆದು ನಿಲ್ಲಿಸಿ ಅದಕ್ಕೊಂದು ಉತ್ತರ ಕಂಡುಕೊಂಡರು. ನಿಯಮ ಬದಲಾದಾಗಲೆಲ್ಲ ಆಟಗಾರರ ಬುದ್ಧಿಯೂ ಚುರುಕಾಗುತ್ತ ಬಂದಿದೆ.

ಆದ್ದರಿಂದ ನಿಯಮ ಬದಲಾಯಿತೆಂಬ ಕಾರಣಕ್ಕೇ ಬೇಸರ ಪಟ್ಟುಕೊಳ್ಳುವುದಕ್ಕಿಂತ, ಬದಲಾದ ನಿಯಮ ಗೆರೆಯ ಆಚೆ ನಿಂತವನ ಕಣ್ಣಿಗೆ ಕಾಣುತ್ತದೆಯೇ, ಪಕ್ಕದವನಿಗೆ ಒಂದು ಮಾತಿನಲ್ಲಿ ತಿಳಿಸಿ ಹೇಳಲು ಬರುತ್ತದೆಯೇ ಎಂದು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಈಚೆಗೆ ಹುಬ್ಬಳ್ಳಿಯ ಮೈದಾನವೊಂದರಲ್ಲಿ ಹುಡುಗರ ಪಂದ್ಯ ನೋಡುತ್ತಿದ್ದೆ. ಹಿಂದಿನ ರಾತ್ರಿಯ ಮಳೆಗೆ ಸುಣ್ಣದ ಗೆರೆ ಅರ್ಧ ಅಳಿಸಿಹೋಗಿತ್ತು. ಒಂದು ಗೋಲು ಮುಂದಿದ್ದ ತಂಡದ ಗೋಲ್‌ಕೀಪರ್ ಚೆಂಡನ್ನು ಎದೆಗವುಚಿಕೊಂಡು ಕೆಸರಿನಲ್ಲಿ ಬೋರಲು ಮಲಗಿ ಏಳುವುದಕ್ಕೇ ತಡ ಮಾಡುತ್ತಿದ್ದ. ರೆಫರಿ ಕೈ ಎತ್ತಿ ಒಂದೊಂದೇ ಬೆರಳು ಮಡಚತೊಡಗಿದರು. ನನ್ನ ಪಕ್ಕದಲ್ಲಿ ಗಿರಮಿಟ್ಟಿನ ಪೊಟ್ಟಣ ಹಿಡಿದು ನಿಂತಿದ್ದ ಹಿರಿಯರೊಬ್ಬರು, "ಏನ್ ಎಣಸಾಕತ್ತಾರಲೇ ತಮ್ಮಾ?" ಎಂದು ಕೇಳಿದರು. "ಎಂಟು ಸೆಕೆಂಡ್ ಮ್ಯಾಲ ಹಿಡಕೊಂಡ್ರ ಕಾರ್ನರ್ ಕೊಡ್ತಾರ್ರಿ ಕಾಕಾ" ಎಂದ ಹುಡುಗ. ಅಷ್ಟೇ. ಮುಂದಿನ ಸಲ ಆ ಗೋಲ್‌ಕೀಪರ್ ಚೆಂಡು ಹಿಡಿದಾಗ ಕಾಕಾ ಅವರೇ ಎಲ್ಲರಿಗಿಂತ ಗಟ್ಟಿಯಾಗಿ "ಐದು, ನಾಕು, ಮೂರು" ಎಂದು ಎಣಿಸುತ್ತಿದ್ದರು. 2025ರಲ್ಲಿ ಬಂದ ಈ ನಿಯಮಕ್ಕೆ ಮುಂಚೆ ಆರು ಸೆಕೆಂಡಿನ ಮಿತಿಯಿತ್ತು, ಮೀರಿದರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್, ಅಂದರೆ ಇನ್ನೊಬ್ಬ ಆಟಗಾರನಿಗೆ ತಾಕಿದ ಮೇಲಷ್ಟೇ ಗೋಲೆನಿಸುವ ಒದೆತ, ಎಂದಿತ್ತು. ಗೋಲಿನ ಅಷ್ಟು ಹತ್ತಿರದಲ್ಲಿ ಅಂಥ ಶಿಕ್ಷೆ ಕೊಡಲು ರೆಫರಿಗಳು ಹಿಂಜರಿಯುತ್ತಿದ್ದರಿಂದ ನಿಯಮ ಪುಸ್ತಕದಲ್ಲೇ ಉಳಿದಿತ್ತು. ಮಿತಿಯನ್ನು ಎರಡು ಸೆಕೆಂಡು ಹಿಗ್ಗಿಸಿ, ಶಿಕ್ಷೆಯನ್ನು ಮೈದಾನದ ಮೂಲೆಯಿಂದ ಒದೆಯುವ ಕಾರ್ನರ್‌ಗೆ ಇಳಿಸಿ ಹಗುರ ಮಾಡಿ, ಕೊನೆಯ ಐದು ಸೆಕೆಂಡನ್ನು ಎಲ್ಲರಿಗೂ ಕಾಣುವಂತೆ ಬೆರಳಿನಲ್ಲಿ ಎಣಿಸಿ ಎಂದ ಮೇಲೆ ಅದಕ್ಕೆ ಜೀವ ಬಂತು. ಈ ಬದಲಾವಣೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಹ್ಯಾಂಡ್‌ಬಾಲ್ ನಿಯಮ ಇದಕ್ಕೆ ತದ್ವಿರುದ್ಧ. ಗೋಲಿಗೆ ದಾರಿಯಾದ ಚೆಂಡು ದಾಳಿ ಮಾಡುವ ತಂಡದ ಯಾರ ಕೈಗೆ ಅಕಸ್ಮಾತ್ ತಾಕಿದರೂ ತಪ್ಪೇ ಎಂದು 2019ರಲ್ಲಿ ಬರೆದರು. ಎರಡೇ ವರ್ಷಗಳಲ್ಲಿ, 2021ರಲ್ಲಿ, ಗೋಲು ಹೊಡೆದವನ ಕೈಗೇ ತಾಕಿದ್ದರೆ ಮಾತ್ರ ಹಾಗೆ ಎಂದು ತಿದ್ದಿದರು. ತೋಳು ಸಹಜವಾಗಿತ್ತೋ ಮೈಯ ಅಗಲವನ್ನು ಹೆಚ್ಚಿಸಿತ್ತೋ ಎಂಬ ಚರ್ಚೆಯಂತೂ ಚಹಾದಂಗಡಿಯಲ್ಲೂ ಮುಗಿಯುವುದಿಲ್ಲ, ಟಿವಿಯಲ್ಲಿ ಕುಳಿತ ಹಳೆಯ ಆಟಗಾರರ ನಡುವೆಯೂ ಮುಗಿಯುವುದಿಲ್ಲ. ತಮ್ಮ ಕೋಪ ಇಲ್ಲಿ ನ್ಯಾಯವಾದದ್ದು.

ಇನ್ನು ಕನ್ನಡಿಯ ಮಾತು. 2010ರ ಜೂನ್ 27ರಂದು ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ ಜರ್ಮನಿಯ ವಿರುದ್ಧ ಇಂಗ್ಲೆಂಡಿನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಅಡ್ಡಕಂಬಕ್ಕೆ ಬಡಿದು ಗೆರೆಯ ಒಳಗೆ ಬಿದ್ದದ್ದನ್ನು ಜಗತ್ತೆಲ್ಲ ನೋಡಿತು, ಆದರೆ ತೀರ್ಪು ಕೊಡಬೇಕಾದವರಿಗೆ ಮಾತ್ರ ಅದು ಕಾಣಲಿಲ್ಲ. ಹುಣ್ಣು ನಮ್ಮ ಅಂಗೈಯಲ್ಲೇ ಇತ್ತು, ಕನ್ನಡಿ ಬೇಕಾದದ್ದು ರೆಫರಿಗೆ. ಎರಡು ವರ್ಷಗಳ ನಂತರ ಒಪ್ಪಿಗೆ ಪಡೆದ ಗೋಲ್‌ಲೈನ್ ತಂತ್ರಜ್ಞಾನ ಒಂದು ಸೆಕೆಂಡಿನೊಳಗೆ ರೆಫರಿಯ ಕೈಗಡಿಯಾರಕ್ಕೆ ಸಂದೇಶ ಕಳಿಸುತ್ತದೆ, ಆಟ ನಿಲ್ಲುವುದಿಲ್ಲ. ಅದರ ಬಗ್ಗೆ ತಮ್ಮ ಪತ್ರದಲ್ಲೂ ಒಂದು ದೂರಿಲ್ಲ. ಜನರ ತಕರಾರಿರುವುದು ಯಂತ್ರದ ಮೇಲಲ್ಲ, ಕಾಯಿಸುವುದರ ಮೇಲೆ ಮತ್ತು ಕೂದಲೆಳೆಯ ಲೆಕ್ಕದ ಮೇಲೆ. 2022ರ ವಿಶ್ವಕಪ್ಪಿನಲ್ಲಿ ಸೌದಿ ಅರೇಬಿಯಾದ ಎದುರು ಮೊದಲಾರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲುಗಳು ಆಫ್‌ಸೈಡ್ ಎಂದು ರದ್ದಾದವು. ನಮ್ಮ ಓಣಿಯಲ್ಲಿ ಒಂದೇ ಟಿವಿಯ ಮುಂದೆ ಸೇರಿದ್ದ ಹುಡುಗರು ಮೂರು ಸಲ ಎದ್ದು ಮೂರು ಸಲ ಕುಳಿತರು. ತೀರ್ಪು ನಿಯಮಕ್ಕೆ ಸರಿಯಾಗಿಯೇ ಇತ್ತು, ಆದರೆ ಭುಜದ ಅಂಚು ಮುಂದಿತ್ತೆಂಬುದನ್ನು ಗೆರೆಯ ಬಳಿ ನಿಂತ ಯಾವ ಮನುಷ್ಯನೂ ಹೇಳಲಾರ.

ನನ್ನ ಚಿಂತೆ ಅದಕ್ಕಿಂತ ದೊಡ್ಡದು. ಫುಟ್‌ಬಾಲಿನ ನಿಯಮಗಳು ಹದಿನೇಳು. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿಯೂ ಅವೇ, ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ಹುಡುಗರಿಗೂ ಅವೇ. ನಮ್ಮಂಥ ಊರಿನವರಿಗೆ ಈ ಆಟ ಕೊಟ್ಟ ಗೌರವವೇ ಅದು. ನಿಯಮವನ್ನು ಕ್ಯಾಮೆರಾದ ಅಳತೆಗೆ ತಕ್ಕಂತೆ ಬರೆಯುತ್ತ ಹೋದರೆ, ಕ್ಯಾಮೆರಾ ಇಲ್ಲದ ಮೈದಾನದ ಲೈನ್‌ಮನ್ ಅದನ್ನು ಜಾರಿ ಮಾಡುವುದು ಹೇಗೆ? ಈ ಕಾರಣಕ್ಕೇ ಆರ್ಸೆನಲ್‌ನ ಹಿಂದಿನ ಕೋಚ್ ಆರ್ಸೆನ್ ವೆಂಗರ್ ಮುಂದಿಟ್ಟಿರುವ ಸಲಹೆಯನ್ನು, ಅಂದರೆ ದಾಳಿ ಮಾಡುವ ಆಟಗಾರ ಡಿಫೆಂಡರ್‌ನನ್ನು ಪೂರ್ತಿ ದಾಟಿ ಇಬ್ಬರ ನಡುವೆ ಬೆಳಕು ಕಂಡಾಗ ಮಾತ್ರ ಆಫ್‌ಸೈಡ್ ಎನ್ನಬೇಕೆಂಬುದನ್ನು, ಪರೀಕ್ಷಿಸಿ ನೋಡುವುದು ಒಳ್ಳೆಯದೆಂದು ನನಗೆ ತೋರುತ್ತದೆ. ಡಿಫೆಂಡರ್‌ಗಳು ಹೆದರಿ ಗೋಲಿನ ಹತ್ತಿರವೇ ಸಾಲುಗಟ್ಟಿ ನಿಲ್ಲುವ ಅಪಾಯ ಅದರಲ್ಲಿದೆ ನಿಜ. ಆದರೂ ಬೆಳಕು ಕಾಣುತ್ತದೋ ಇಲ್ಲವೋ ಎಂಬುದನ್ನು ಬಾವುಟ ಹಿಡಿದವರು ಬರಿಗಣ್ಣಿನಲ್ಲಿ ಹೇಳಬಲ್ಲರು. ಅದು ತಮಗೆ ನನಗಿಂತ ಚೆನ್ನಾಗಿ ಗೊತ್ತು.

ನಮ್ಮನ್ನು ಯಾರೂ ಕೇಳುವುದಿಲ್ಲವೆಂಬುದು ಅಕ್ಷರಶಃ ನಿಜ. 1886ರಲ್ಲಿ ಹುಟ್ಟಿದ ಐಎಫ್‌ಎಬಿ ಎಂಬ ಮಂಡಳಿಯೇ ಇಂದಿಗೂ ನಿಯಮ ಬರೆಯುತ್ತದೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಒಂದೊಂದು ಮತ, ಉಳಿದ ಜಗತ್ತಿಗೆಲ್ಲ ಸೇರಿ ಫಿಫಾದ ನಾಲ್ಕು ಮತ. ಎಂಟರಲ್ಲಿ ಆರು ಬಂದರೆ ಬದಲಾವಣೆ. ನೋಡುವವರಿಗೆ ಮತವಿಲ್ಲ. ಆದರೂ ಅವರ ಮಾತಿಗೆ ಎಲ್ಲಿಯೂ ಬೆಲೆಯಿಲ್ಲವೆನ್ನಲಾಗದು. ಸ್ವೀಡನ್ನಿನ ಕ್ಲಬ್ಬುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮತಾಧಿಕಾರ ಸದಸ್ಯರ ಕೈಯಲ್ಲಿರಬೇಕು, ಆ ಸದಸ್ಯರು ಬಹುಮಟ್ಟಿಗೆ ಅಭಿಮಾನಿಗಳೇ. ಅವರು ತಮ್ಮ ತಮ್ಮ ಕ್ಲಬ್ಬಿನ ಸಭೆಗಳಲ್ಲಿ ಕೈಯೆತ್ತಿ ಬೇಡವೆಂದದ್ದರಿಂದ 2024ರಲ್ಲಿ ಆ ದೇಶದ ಲೀಗಿಗೆ ವಿಎಆರ್ ತರುವ ವಿಚಾರವನ್ನೇ ಕೈಬಿಡಲಾಯಿತು.

ಒಂದು ಮಾತನ್ನು ನಮ್ಮವರಿಗೂ ಹೇಳಬೇಕು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಹೆಚ್ಚುವರಿ ಅವಧಿಯಲ್ಲಿ, ಕೇರಳ ಬ್ಲಾಸ್ಟರ್ಸ್ ತಂಡದವರು ಚೆಂಡಿಗೆ ಅಡ್ಡ ನಿಲ್ಲಲು ಇನ್ನೂ ಆಟಗಾರರ ಗೋಡೆ ಕಟ್ಟುತ್ತಿರುವಾಗಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಕೇರಳದವರು ಮೈದಾನ ಬಿಟ್ಟು ನಡೆದರು. ಅಂದು ಧಾರವಾಡದಲ್ಲೂ ರಾತ್ರಿಯೆಲ್ಲ ವಾದ ನಡೆಯಿತು, ಸೀಟಿ ಊದದೆ ಹೊಡೆಯಬಹುದೇ ಎಂದು. ಸೀಟಿಗೆ ಕಾಯಬೇಕೆಂದು ರೆಫರಿ ಸೂಚಿಸದಿದ್ದರೆ ಬೇಗನೆ ಹೊಡೆಯುವುದಕ್ಕೆ ಅಡ್ಡಿಯಿಲ್ಲ. ಇದು ಹೊಸ ನಿಯಮವೇನಲ್ಲ. ರೆಫರಿ ಏನು ಸೂಚಿಸಿದ್ದರೆಂಬುದೊಂದೇ ವಾದಕ್ಕೆ ಯೋಗ್ಯವಾದ ಪ್ರಶ್ನೆಯಾಗಿತ್ತು, ಆದರೆ ಆ ರಾತ್ರಿ ಅದನ್ನು ಕೇಳಿದವರು ನಮ್ಮಲ್ಲಿ ಕಡಿಮೆ. ಹದಿನೇಳು ನಿಯಮಗಳು ತಿಳಿಗನ್ನಡದಲ್ಲಿ ನಮ್ಮ ಹುಡುಗರ ಕೈಗೆ ಸಿಕ್ಕಿದ್ದರೆ ಆ ವಾದ ಬೇರೆ ರೀತಿಯಲ್ಲಿ ನಡೆಯುತ್ತಿತ್ತು.

ಆದ್ದರಿಂದ ಮುಂದಿನ ಸಂಚಿಕೆಯಿಂದ ತಿಂಗಳಿಗೊಂದು ಪುಟದಂತೆ ಆ ನಿಯಮಗಳನ್ನು ಕನ್ನಡದಲ್ಲಿ ಪ್ರಕಟಿಸಲು ನಿರ್ಧರಿಸಿದ್ದೇವೆ. ಹ್ಯಾಂಡ್‌ಬಾಲ್ ಭಾಗದ ಕರಡನ್ನು ತಮಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಪಕ್ಕದಲ್ಲಿ ನಿಂತ ಕಾಕಾನಿಗೆ ಒಂದೇ ಮಾತಿನಲ್ಲಿ ಹೇಳಲು ಬಾರದ ಸಾಲು ಎಲ್ಲೆಲ್ಲಿದೆಯೋ ಅಲ್ಲಲ್ಲಿ ಗೆರೆ ಎಳೆದು ಹಿಂದಿರುಗಿಸಬೇಕೆಂದು ಕೋರುತ್ತೇನೆ.

ಸಂಪಾದಕ